ಲಾಳ ಕಟ್ಟಿದ ಹೆಜ್ಜೆ

ಹೋದ ಬೇಸಗೆಯ ರಜಕ್ಕೆ ಬೆಂಗಳೂರಿನಿಂದ ತೆಕ್ಕಲಕೋಟೆಗೆ ಬಂದ ಮೊಮ್ಮಗಳ ಪೆಟ್ಟಿಗೆಯಲ್ಲಿ ಒಂದು ಜೊತೆ ಕರಿಯ ಬೂಟುಗಳಿದ್ದವು. ಅಡಿಯಲ್ಲಿ ಬೆರಳುಗಳ ಕೆಳಗೊಂದು, ಹಿಮ್ಮಡಿಗೊಂದು ಲೋಹದ ಬಿಲ್ಲೆ. ನಮ್ಮಾಕೆ ಅದನ್ನು ತಿರುಗಿಸಿ ನೋಡಿ, "ಎತ್ತಿಗೆ ಲಾಳ ಕಟ್ಟೋದು ಗೊತ್ತಿತ್ತು. ಈಗ ಹುಡುಗೇರಿಗೂ ಕಟ್ತಾರೇನೆ?" ಎಂದಳು.

ಅದು ಟ್ಯಾಪ್ ನೃತ್ಯದ ಬೂಟಂತೆ. ಮೊಮ್ಮಗಳು ಮೊಬೈಲಿನಲ್ಲಿ ಎಲಿನಾರ್ ಪೊವೆಲ್ ಎಂಬ ಅಮೆರಿಕದ ನಟಿಯ ಕುಣಿತವನ್ನು ತೋರಿಸಿದಳು. ಆ ದೇಶದಲ್ಲಿ ವಾಡ್‌ವಿಲ್ ಎಂಬುದೊಂದು ಆಟವಿತ್ತು. ಒಂದೇ ಸಂಜೆಗೆ ಒಬ್ಬ ಜಾದೂಗಾರ, ಒಬ್ಬ ವಿದೂಷಕ, ಒಂದು ಹಾಡು, ಒಂದು ಕುಣಿತ; ಇವತ್ತು ಈ ಊರು, ನಾಳೆ ಇನ್ನೊಂದೂರು. 1912ರಲ್ಲಿ ಹುಟ್ಟಿದ ಈ ಹುಡುಗಿ ಬಾಲ್ಯದಲ್ಲೇ ಆ ರಂಗ ಹತ್ತಿದವಳು. ಟ್ಯಾಪ್ ಕಲಿಯುವಾಗ ಅವಳ ಕಾಲು ನೆಲಕ್ಕೆ ಹತ್ತದೆ ಮೇಲಕ್ಕೇ ಹಾರುತ್ತಿತ್ತೆಂದು ಗುರುಗಳು ಸೊಂಟಕ್ಕೆ ಮರಳಿನ ಚೀಲ ಕಟ್ಟಿ ಕುಣಿಸಿದರಂತೆ. 1935ರಲ್ಲಿ ಹಾಲಿವುಡ್ಡಿನಲ್ಲಿ ಹೆಸರಾದಳು. 1943ರಲ್ಲಿ ನಟ ಗ್ಲೆನ್ ಫೋರ್ಡನನ್ನು ಮದುವೆಯಾದ ಮೇಲೆ ತೆರೆಯ ಮೇಲೆ ಕಾಣಿಸಿದ್ದು ಅಪರೂಪ. ಲೆಕ್ಕ ಹಾಕಿದರೆ ಎಂಟು ವರ್ಷದ ಬಾಳು. ಆದರೇನು, ಆ ಎಂಟು ವರ್ಷದ ಹೆಜ್ಜೆಗಳು ಟಕಟಕನೆ ನಮ್ಮ ಪಡಸಾಲೆಗೂ ಬಂದುಬಿಟ್ಟವು.

"ತಾತ, ನಮ್ಮ ಕನ್ನಡದಲ್ಲಿ ಮೊದಲನೇ ಹೀರೋಯಿನ್ ಯಾರು? ಕುಣೀತಿದ್ಲಾ?"

ಮೇಷ್ಟರ ಚಟ, ಗೊತ್ತಿದ್ದುದನ್ನು ಹೇಳದೆ ಇರಲಾಗುವುದಿಲ್ಲ. ತ್ರಿಪುರಾಂಬ, ಎಂದೆ. 'ಸತಿ ಸುಲೋಚನ' ನಮ್ಮ ಮೊದಲ ಮಾತಿನ ಚಿತ್ರ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಚಮನ್‌ಲಾಲ್ ಡುಂಗಾಜಿ ಎಂಬ ವರ್ತಕರು ದುಡ್ಡು ಹಾಕಿದರು, ವೈ. ವಿ. ರಾವ್ ನಿರ್ದೇಶಿಸಿದರು; ಬೆಳ್ಳಾವೆ ನರಹರಿ ಶಾಸ್ತ್ರಿಗಳು ಮಾತು, ಹಾಡು ಬರೆದರು. ಕನ್ನಡದ ಚಿತ್ರ ತಯಾರಾದದ್ದು ಮಾತ್ರ ಕೊಲ್ಲಾಪುರದಲ್ಲಿ. ನಮ್ಮ ಮಾತನ್ನು ಹಿಡಿಯುವ ಯಂತ್ರ ಆಗ ನಮ್ಮಲ್ಲಿರಲಿಲ್ಲ. ಆರ್. ನಾಗೇಂದ್ರರಾಯರ ರಾವಣ, ಸುಬ್ಬಯ್ಯ ನಾಯ್ಡು ಅವರ ಇಂದ್ರಜಿತು, ತ್ರಿಪುರಾಂಬೆಯ ಸುಲೋಚನ. ಬಹುಪಾಲು ಎಲ್ಲರೂ ನಾಟಕದ ಮಂದಿ.

ನಾಟಕದ ಮಂದಿ ಎಂದರೆ ಏನೆಂದು ಈಗಿನ ಮಕ್ಕಳಿಗೆ ಹೇಗೆ ತಿಳಿಸುವುದು? ಮೈಕಿಲ್ಲದ ಕಾಲ. ಹಿಂದೆ ನೆಲದಲ್ಲಿ ಕೂತವನು ಕೊಟ್ಟ ಕಾಸಿಗೂ ಅಕ್ಷರ ಅಕ್ಷರ ಕೇಳಿಸಬೇಕು. ಹಾಗೆ ಎದೆಯಿಂದ ಹಾಡಿದ ಹೆಣ್ಣು ಕೊಲ್ಲಾಪುರದ ಯಂತ್ರದ ಎದುರು ನಿಂತಾಗ ದನಿಯನ್ನು ಎಷ್ಟು ತಗ್ಗಿಸಬೇಕಾಯಿತೋ! ಹಿನ್ನೆಲೆ ಗಾಯನವೆಂಬುದು ಇನ್ನೂ ಬಂದಿರಲಿಲ್ಲ. ನಟಿಸುವವರೇ ಹಾಡಬೇಕು, ಹಾಡಿದ್ದು ಅಲ್ಲೇ ಮುದ್ರಣವಾಗಬೇಕು. ಹಾಲಿವುಡ್ಡಿನಲ್ಲಿ ಕುಣಿತದ ಸದ್ದನ್ನು ಆಮೇಲೆ ನಿಧಾನವಾಗಿ ಬೇರೆ ಮುದ್ರಿಸಿಕೊಂಡು ಕೂಡಿಸುತ್ತಿದ್ದರಂತೆ. ನಮ್ಮವರಿಗೆ ಆ ಸೌಕರ್ಯವೆಲ್ಲಿ?

"ಸರಿ, ತೋರಿಸು" ಎಂದಳು ಮೊಮ್ಮಗಳು.

ತೋರಿಸುವುದಕ್ಕೆ ಏನೂ ಇಲ್ಲ. 'ಸತಿ ಸುಲೋಚನ'ದ ಪ್ರತಿ ಒಂದೂ ಉಳಿದಿಲ್ಲ. ಆ ಕಾಲದ ಫಿಲ್ಮು ಕಿಡಿ ತಾಗಿದರೆ ಭಗ್ಗನೆ ಉರಿಯುವಂಥದು. ಉಳಿದದ್ದನ್ನೂ ಬೆಳ್ಳಿಗಾಗಿ ಕರಗಿಸುವವರಿದ್ದರು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಭಂಡಾರ ತೆರೆದದ್ದು 1964ರಲ್ಲಿ, ಚಿತ್ರ ಬಂದು ಮೂವತ್ತು ವರ್ಷಕ್ಕೆ. ಹುಡುಗಿ ನನ್ನ ಮಾತನ್ನು ನಂಬದೆ ಒಂದು ಗಂಟೆ ಮೊಬೈಲನ್ನು ತೀಡಿದಳು. ತ್ರಿಪುರಾಂಬೆಯ ಹೆಸರು ಸಿಕ್ಕಿತು. ಹೆಜ್ಜೆ ಸಿಗಲಿಲ್ಲ, ದನಿ ಸಿಗಲಿಲ್ಲ.

ಇದನ್ನು ನೆನೆದರೆ ನನಗೆ ನಮ್ಮೂರ ಬೆಟ್ಟ ನೆನಪಾಗುತ್ತದೆ. ಆ ಭಂಡಾರ ತೆರೆದ ಕಾಲದಲ್ಲೇ, 1963ರಿಂದ 65ರವರೆಗೆ, ಎಂ. ಎಸ್. ನಾಗರಾಜರಾಯರು ಇಲ್ಲಿ ಉತ್ಖನನ ನಡೆಸಿದರು. ನಾನಾಗ ಶಾಲೆಯ ಹುಡುಗ. ಬಿಸಿಲಲ್ಲಿ ಕೂತು ಕುಂಚದಿಂದ ಮಣ್ಣು ಗುಡಿಸುವ ದೊಡ್ಡವರನ್ನು ಕಂಡು ನಾವು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆವು. ಮೂರು ಸಾವಿರ ವರ್ಷಕ್ಕೂ ಹಿಂದೆ ಇಲ್ಲಿ ಬಾಳಿದವರ ಗುಡಿಸಲಿನ ನೆಲ, ಗಡಿಗೆಯ ಚೂರು, ಕಲ್ಲಿನ ಕೊಡಲಿ, ಹೂಳಿದ ಎಲುಬು, ಎಲ್ಲ ಸಿಕ್ಕವು. ಹೆಸರೇ ಇಲ್ಲದವರ ಅಟ್ಟ ಅಡಿಗೆಯ ಬೂದಿ ಉಳಿಯಿತು. ನನ್ನ ತಾಯಿ ಬದುಕಿದ್ದ ಕಾಲದಲ್ಲಿ ಕೊಟ್ಟಿಗೆ ತುಂಬ ಜನ ಟಿಕೀಟು ಕೊಂಡು ನೋಡಿದ ಹೆಂಗಸು ಉಳಿಯಲಿಲ್ಲ.

ತೆರೆಗೆ ಹೋಗದೆ ರಂಗದಲ್ಲೇ ನಿಂತವರ ಭಾಗ್ಯವೇ ಬೇರೆ. ನಮ್ಮ ಬಳ್ಳಾರಿಯ ಸುಭದ್ರಮ್ಮ ಮನ್ಸೂರರು 2020ರಲ್ಲಿ ತೀರಿಕೊಂಡರು. ಅವರ ದನಿ ಇನ್ನೂ ಕಿವಿಯಲ್ಲಿದೆ ಎನ್ನುವವರು ಈ ಸೀಮೆಯಲ್ಲಿ ಹಳ್ಳಿಹಳ್ಳಿಗೂ ಸಿಗುತ್ತಾರೆ. ಫಿಲ್ಮಿನಂತೆ ಕಿವಿಗೂ ಮುಪ್ಪುಂಟು, ಆ ಮಾತು ಬೇರೆ.

ಮರುದಿನ ಹುಡುಗಿ ಬೂಟು ಹಾಕಿಕೊಂಡು ಅಂಗಳದ ಹಾಸುಗಲ್ಲಿನ ಮೇಲೆ ಕುಣಿಯಹೊರಟಳು. ಕಲ್ಲಿನ ಮೇಲೆ ಸದ್ದು ಕರಕರ ಎಂದಿತು. ನಮ್ಮಾಕೆ ಒಳಗಿನಿಂದಲೇ, "ಹಲಗೆ ಹಾಕಿ ಕೊಡ್ರಿ, ಬಯಲಾಟದಾಗೆ ಹಲಗೆ ಮ್ಯಾಗೆ ಕುಣೀತಿರಲಿಲ್ಲೇನು?" ಎಂದಳು. ಸಣ್ಣವನಿದ್ದಾಗ ನಾನು ಅಟ್ಟದ ಪಕ್ಕದಲ್ಲೇ ಕೂತು ರಾಕ್ಷಸ ವೇಷದವನ ಹೆಜ್ಜೆಗೆ ಹಲಗೆ ನಡುಗುವುದನ್ನು ಬೆನ್ನಿನಲ್ಲಿ ಕೇಳಿದವನು. ಹಿತ್ತಲಿನಿಂದ ಹಳೆಯ ಬಾಗಿಲೊಂದನ್ನು ಎಳೆದು ತಂದು ಹಾಸಿದೆ. ಹುಡುಗಿ ಹತ್ತಿ ನಿಂತು ಒಂದು ಬಾರಿ ಹಿಮ್ಮಡಿ ಬಡಿದಳು. ಸದ್ದು ದುಂಡಗೆ ಎದ್ದಿತು.

ಐದು ನಿಮಿಷ ಕಳೆದಿರಲಿಲ್ಲ, ಎದುರು ಮನೆಯವರು ಹೊರಗೆ ಬಂದು ಕೂಗಿದರು: "ಏನ್ರೀ ಮೇಷ್ಟ್ರೇ, ಯಾವ ಆಟದ ತಾಲೀಮು?"