ಬೆಂಕಿ ರೋಗದ ಮುತ್ತಿಗೆ, ಎಳೆ ಸಸಿಯ ಪ್ರತಿದಾಳಿ

ಆರಿದ್ರಾ ಮಳೆ ಹಿಡಿದುಬಿಟ್ಟಿದೆ. ಕರಾವಳಿಯ ಊರು ಕಾಯ್ಕಿಣಿಯ ಗದ್ದೆಬಯಲಿನ ಸಸಿಮಡಿಗಳಲ್ಲಿ ಗೇಣುದ್ದದ ಭತ್ತದ ಸಸಿಗಳು ತೊಯ್ದು ನಿಂತಿವೆ. ನಡುರಾತ್ರಿ ಮಳೆ ತುಸು ಹೊಳವಾಗುತ್ತದೆ. ಅದೇ ಹೊತ್ತಿಗೆ ಗಾಳಿಯಲ್ಲಿ ತೇಲಿಬಂದ, ಕಣ್ಣಿಗೆ ಕಾಣದ ಕಣವೊಂದು ಎಲೆಯ ಮೇಲೆ ಇಳಿಯುತ್ತದೆ. ಬೆಂಕಿ ರೋಗದ ಶಿಲೀಂಧ್ರ!

ಸಸಿ ಓಡುವಂತಿಲ್ಲ, ಅಡಗುವಂತಿಲ್ಲ. ನಿಂತಲ್ಲೇ ಯುದ್ಧ.

ಕಣ ತನ್ನ ತುದಿಯ ಅಂಟಿನಿಂದ ಎಲೆಯನ್ನು ಬಿಗಿಯಾಗಿ ಹಿಡಿಯುತ್ತದೆ. ಎಲೆ ಒದ್ದೆಯಿದ್ದಷ್ಟು ಹೊತ್ತೂ ವೈರಿಯ ಕೈ ಮೇಲು. ಕೆಲವೇ ತಾಸುಗಳಲ್ಲಿ ಅದು ಮೊಳೆತು, ತುದಿಯಲ್ಲಿ ಗುಮ್ಮಟಾಕಾರದ ಕೋಶ ಕಟ್ಟುತ್ತದೆ. ಅದರೊಳಗೆ ಒತ್ತಡ ಏರುತ್ತದೆ, ಏರುತ್ತಲೇ ಹೋಗುತ್ತದೆ. ಸುಮಾರು 80 ವಾಯುಭಾರ! ಕಾರಿನ ಟೈರಿನ ಗಾಳಿಗಿಂತ 40 ಪಟ್ಟು! ಮರುದಿನ ಕತ್ತಲಾಗುವಷ್ಟರಲ್ಲಿ ಚೂಪು ಮೊನೆಯೊಂದು ಎಲೆಯ ಪೊರೆಗೆ ನುಗ್ಗುತ್ತದೆ.

ಬೇಗ ಹಸಿರೇರಲೆಂದು ಯೂರಿಯಾ ಸುರಿದ ಮಡಿಯಲ್ಲಿ ಸಸಿ ನೋಡಲು ಸೊಂಪು, ಒಳಗೆ ಮೆದು. ಸಾರಜನಕ ಅತಿಯಾದಾಗ ಸಸಿ ಇದ್ದಬದ್ದ ಶಕ್ತಿಯನ್ನೆಲ್ಲ ಬೆಳೆಯುವುದಕ್ಕೇ ಸುರಿಯುತ್ತದೆ, ಕಾವಲಿನ ರಾಸಾಯನಿಕಗಳು ಬಡವಾಗುತ್ತವೆ. ಮೊನೆ ಸಲೀಸಾಗಿ ಒಳಹೊಕ್ಕಿತು. ನಾಲ್ಕೈದು ದಿನಗಳಲ್ಲಿ ಎಲೆ ತುಂಬ ಕದಿರಿನಾಕಾರದ ಮಚ್ಚೆಗಳು: ನಡುವೆ ಬೂದಿ, ಅಂಚಿಗೆ ಕಂದು. ನೋಡನೋಡುತ್ತಿದ್ದಂತೆ ಮಡಿ ಸುಟ್ಟು ಕರಕಲು!

ಪಕ್ಕದ ಮಡಿಯಲ್ಲಿ ಗೊಬ್ಬರ ಹದವಾಗಿದೆ, ಮಣ್ಣಿಗೆ ಉಮಿ ಬೂದಿ ಬೆರೆತಿದೆ. ಕರಾವಳಿಯ ಜಂಬಿಟ್ಟಿಗೆ ನೆಲದಿಂದ ಧಾರಾಕಾರ ಮಳೆ ಸಿಲಿಕಾವನ್ನು ತೊಳೆದೊಯ್ಯುತ್ತದೆ. ಉಮಿ ಬೂದಿಯ ಬಹುಪಾಲು ಸಿಲಿಕಾವೇ. ಬೇರು ಅದನ್ನು ಹೀರಿ ಎಲೆಯ ಮೈಗೆ ಹೊದಿಸಿದೆ. ಮೊನೆ ತಡವರಿಸಿತು. ಆ ಒಂದಿಷ್ಟು ತಡವೇ ಸಾಕು!

ಎಲೆಯಲ್ಲಿ ಎಚ್ಚರಿಕೆ ಹರಡಿತು. ದಾಳಿಗೊಳಗಾದ ಜೀವಕೋಶ ತಾನೇ ಸತ್ತು ವೈರಿಯ ಅನ್ನಕ್ಕೆ ಕಲ್ಲು ಹಾಕಿತು. ಸುತ್ತಲಿನ ಕೋಶಗಳು ಹೊಸ ವಿಷ ಅರೆಯತೊಡಗಿದವು: ಮೊಮಿಲ್ಯಾಕ್ಟೋನ್, ಸಕುರಾನೆಟಿನ್. ಜಪಾನಿನ ವಿಜ್ಞಾನಿಗಳು 1973ರಲ್ಲಿ ಭತ್ತದ ಹೊಟ್ಟಿನಲ್ಲಿ ಮೊದಲು ಕಂಡದ್ದು ಇದೇ ಮೊಮಿಲ್ಯಾಕ್ಟೋನನ್ನು. ಶಿಲೀಂಧ್ರದ ಎಳೆ ಒಂದಂಗುಲವಿರಲಿ, ಕೂದಲೆಳೆಯಷ್ಟೂ ಮುಂದೆ ಸಾಗಲಿಲ್ಲ. ಎಲೆಯ ಮೇಲೆ ಉಳಿದದ್ದು ಸಾಸಿವೆಗಿಂತ ಕಿರಿದಾದ ಕಂದು ಚುಕ್ಕೆ. ಸಸಿ ಬದುಕಿತು!

ಉಸಿರು ಬಿಡಲೂ ಪುರುಸೊತ್ತಿಲ್ಲ. ಮಣ್ಣಿನೊಳಗೆ ಇನ್ನೊಬ್ಬ ಶತ್ರು. ಭತ್ತದಂತೆಯೇ ವೇಷ ಹಾಕಿದ ಊದಲು ಜಾತಿಯ ಕಳೆ ಪಕ್ಕದಲ್ಲೇ ಬೇರಿಳಿಸುತ್ತಿದೆ. ಸಸಿಯ ಬೇರು ಅದರ ಸುಳಿವು ಹಿಡಿಯುತ್ತದೆ, ಮೊಮಿಲ್ಯಾಕ್ಟೋನ್ ಒಸರುವುದನ್ನು ಹೆಚ್ಚಿಸುತ್ತದೆ, ಕಳೆಯ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ.

ಒಂದೇ ಬೀಜ, ಒಂದೇ ಮಳೆ. ಒಂದು ಮಡಿ ಸುಟ್ಟಿತು, ಇನ್ನೊಂದು ಗೆದ್ದಿತು. ಹೋರಾಡುವ ಛಲ ಪ್ರತಿ ಸಸಿಗೂ ಹುಟ್ಟಿನಿಂದಲೇ ಇದೆ, ಆಯುಧ ಸಿಗುವುದು ಮಾತ್ರ ಬೆಳೆಸಿದ ರೀತಿಯಿಂದ. ಮೋಡ ಕವಿದು ಜಿಟಿಜಿಟಿ ಹಿಡಿದಾಗ ಯೂರಿಯಾ ಚೀಲ ಬಿಚ್ಚಬೇಡಿ. ಕೊಡುವುದನ್ನು ಕಂತುಗಳಲ್ಲಿ ಕೊಡಿ. ಗಿರಣಿಯ ಉಮಿ ಬೂದಿ ಮಡಿಗೆ ಸೇರಲಿ. ನಟ್ಟಿಗೆ ಮುನ್ನವೇ ಅರ್ಧ ಯುದ್ಧ ಗೆದ್ದ ಸಸಿ ನಿಮ್ಮ ಗದ್ದೆಗಿಳಿಯುತ್ತದೆ.