ಹನ್ನೊಂದು ಫೋಟೋ

ಕಲಬುರಗಿಯಲ್ಲಿ ಅಪ್ಪ ಹಳೆಯ ಆಲ್ಬಮ್ಮುಗಳನ್ನೆಲ್ಲ ಸ್ಕ್ಯಾನ್ ಮಾಡಿ ಕ್ಲೌಡಿಗೆ ಹಾಕಿದ್ದರು. ಮಿಯಾಪುರದ ನಮ್ಮ ಫ್ಲಾಟಿನ ಕಂಪ್ಯೂಟರಿಗೆ ಅವು ತಾವಾಗಿಯೇ ಇಳಿಯಬೇಕಿತ್ತು. ಎಲ್ಲ ಇಳಿದವು, ಹನ್ನೊಂದು ಬಿಟ್ಟು. ಬ್ರೌಸರಿನಲ್ಲಿ ಕಾಣುತ್ತವೆ, ಫೋಲ್ಡರಿನಲ್ಲಿಲ್ಲ. ರೂಟರನ್ನು ಬೈದೆ, ಲಾಗೌಟ್ ಆಗಿ ಮತ್ತೆ ಬಂದೆ, ತಂತ್ರಾಂಶ ಅಳಿಸಿ ಹೊಸದಾಗಿ ಹಾಕಿದೆ. ಒಂದು ಭಾನುವಾರ ಪೂರ್ತಿ ಹೋಯಿತು.

ಸಂಜೆ ಆ ಹನ್ನೊಂದರ ಹೆಸರುಗಳನ್ನು ಒಟ್ಟಿಗೆ ನೋಡಿದಾಗ ಹೊಳೆಯಿತು. ಫೋಟೋದ ಬೆನ್ನಿಗೆ ಬರೆಯುವುದನ್ನು ಅಪ್ಪ ಫೈಲಿನ ಹೆಸರಾಗಿಯೇ ಬರೆದಿದ್ದರು:

"1987ರ ಶರಣಬಸವೇಶ್ವರ ಜಾತ್ರಿ ತೇರಿನ ಮುಂದ ನಿಮ್ಮ ಆಯಿ, ಕಂಕುಳಾಗ ನೀನು, ಬತ್ತಾಸು ಕೊಡಿಸೂ ತನಕ ಅಳೂದು ನಿಲ್ಲಿಸಲಿಲ್ಲ, ಹಿಂದ ನಿಂತವರು ಸೋಮಣ್ಣ ಮಾಮಾ, ಅವರದು ಇದೊಂದೇ ಫೋಟೋ ಉಳದದ"

ವಿಂಡೋಸಿನಲ್ಲಿ ಡ್ರೈವ್, ಫೋಲ್ಡರ್, ಹೆಸರು ಎಲ್ಲ ಸೇರಿ 260ರ ಒಂದು ಹಳೆಯ ಮಿತಿಯಿದೆ. ಎಷ್ಟೋ ತಂತ್ರಾಂಶಗಳು ಈಗಲೂ ಅದನ್ನೇ ಪಾಲಿಸುತ್ತವೆ. ಕನ್ನಡಕ್ಕೆ ಇದು ಬೇಗ ತುಂಬುತ್ತದೆ. ನಮ್ಮ ಕಣ್ಣಿಗೆ 'ಅಜ್ಜಿ' ಎರಡಕ್ಷರ. ಯುನಿಕೋಡ್ ಲೆಕ್ಕದಲ್ಲಿ ಐದು: ಅ, ಜ, ಹಲಂತ, ಇನ್ನೊಂದು ಜ, ಗುಡಿಸು. ಅಪ್ಪನ ಆ ಒಂದು ಹೆಸರೇ ಸುಮಾರು 150 ಆಗುತ್ತದೆ. ಅವರ ಫೋಲ್ಡರು ಡಿ ಡ್ರೈವಿನ ಬಾಗಿಲಲ್ಲೇ ಇತ್ತು, ಹಾಗಾಗಿ ಅಲ್ಲಿ ತೊಂದರೆಯಿರಲಿಲ್ಲ. ನಾನೋ, ಶಿಸ್ತಿನ ಮನುಷ್ಯ, ಫೋಲ್ಡರಿನೊಳಗೆ ಫೋಲ್ಡರು, ಅದರೊಳಗೆ ಇನ್ನೊಂದು.

ಇಷ್ಟು ತಿಳಿದ ಮೇಲೂ ಸುಲಭದ ದಾರಿ ಹಿಡಿದೆ. ಬ್ರೌಸರಿನಲ್ಲೇ ಆ ಫೋಟೋಗೆ 'ಆಯಿ 1987' ಎಂದು ಹೆಸರು ಬದಲಿಸಿದೆ. ತಕ್ಷಣ ಇಳಿಯಿತು. ಚಹಾ ಮುಗಿಯುವಷ್ಟರಲ್ಲಿ ಅಪ್ಪನ ಫೋನು.

"ನಾ ಬರದಿದ್ದು ಎಲ್ಲಿ ಹೋತೋ ತಮ್ಮಾ? ಇಲ್ಲಿ ಬರೇ ಆಯಿ ಅಂತ ಅದ. ಸೋಮಣ್ಣ ಮಾಮಾನ ಹೆಸರೇ ಇಲ್ಲ."

ಸಿಂಕ್ ಅಂದರೆ ಅದೇ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ನಲವತ್ತರ ಒಳಗಿನವರು ಯಾರೂ ಸೋಮಣ್ಣ ಮಾಮಾನನ್ನು ಕಂಡು ಗುರುತಿಸಲಾರರು. ನಾನೂ ಆ ಹೆಸರಿಲ್ಲದೆ ಗುರುತಿಸುತ್ತಿರಲಿಲ್ಲ.

ನನ್ನ ಕಂಪ್ಯೂಟರಿನ ಸಿಂಕ್ ಫೋಲ್ಡರನ್ನು ಎತ್ತಿ ಡಿ ಡ್ರೈವಿನ ಮೊದಲಲ್ಲೇ ಇಟ್ಟು, 'ಫ' ಎಂದಷ್ಟೇ ಹೆಸರಿಟ್ಟೆ. ಉಳಿದ ಹತ್ತೂ ಇಳಿದವು. ಬದಲಿಸಿದ ಆ ಒಂದಕ್ಕೆ ಅಪ್ಪ ಫೋನಿನಲ್ಲಿ ಮತ್ತೆ ಹೇಳಿ ಬರೆಸಿದರು. ಈ ಸಲ ಕೊನೆಗೆ ಒಂದು ಮಾತು ಹೆಚ್ಚಾಯಿತು: "ಬತ್ತಾಸು ಕೊಡಿಸಿದವರೂ ಅವರೇ."