ಟಂಕಿ ಖಾಲಿ

ನಮ್ಮ ಗೋರೆಗಾಂವ್ ಬಿಲ್ಡಿಂಗಿನ ವಾಚ್‌ಮನ್ ಬೆಳಿಗ್ಗೆ "ಟಂಕಿ ಖಾಲಿ!" ಎಂದು ಕೂಗಿದನೆಂದರೆ ನಾಲ್ಕೂ ಮಾಳಿಗೆಯಲ್ಲಿ ಬಾಲ್ದಿಗಳ ಯುದ್ಧ ಶುರು. ಹೋದ ಭಾನುವಾರ ಸರಿಯಾಗಿ ಅದೇ ಹೊತ್ತಿಗೆ ತಂಗಿಯ ಮಗ ರಟ್ಟಿನ ಡಬ್ಬಿ ಹಿಡಿದುಕೊಂಡು ಬಂದ. "ಮಾಮಾ, ಟ್ಯಾಂಕ್ ತಂದಿದ್ದೇನೆ."

"ಎಷ್ಟು ಲೀಟರಿನದು ಮಾರಾಯ?" ಎಂದುಬಿಟ್ಟೆ.

ಡಬ್ಬಿಯೊಳಗಿದ್ದದ್ದು ಸೋವಿಯತ್ ರಷ್ಯಾದ ಯುದ್ಧದ ಟ್ಯಾಂಕು ಐಎಸ್-2, ಪ್ಲಾಸ್ಟಿಕ್ ತುಂಡುಗಳಲ್ಲಿ. ಐಎಸ್ ಎಂದರೆ ಇಯೋಸಿಫ್ ಸ್ಟಾಲಿನ್.

ನಗಬೇಡಿ. ಈ ಉಕ್ಕಿನ ರಥಗಳು ಹುಟ್ಟಿದ್ದೇ ನೀರಿನ ಟಾಂಕಿಯ ಹೆಸರಿನಲ್ಲಿ. ಮೊದಲ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಲಿಂಕನ್ ಊರಲ್ಲಿ ಇವನ್ನು ಕದ್ದುಮುಚ್ಚಿ ಕಟ್ಟುವಾಗ, ನೀರು ಸಾಗಿಸುವ ಟ್ಯಾಂಕು ಎಂದು ಪುಕಾರು ಹಬ್ಬಿಸಿದರು. ಸಾಲದ್ದಕ್ಕೆ ಮೈಮೇಲೆ ರಷ್ಯನ್ ಅಕ್ಷರದಲ್ಲಿ 'ಜೋಪಾನ, ಪೆಟ್ರೋಗ್ರಾಡ್' ಎಂದು ಬರೆದರು. ಹೋದದ್ದು ಫ್ರಾನ್ಸಿಗೆ, 1916ರ ಸೆಪ್ಟೆಂಬರ್ 15ರಂದು ಸೊಮ್ ರಣರಂಗಕ್ಕೆ ಇಳಿದವು. ಶಬ್ದವಾದರೋ ನಮ್ಮ ಈ ಕರಾವಳಿಯ ಸರಕು: ಗುಜರಾತಿಗಳ ಟಾಂಕುಂ, ಪೋರ್ಚುಗೀಸರ ತಾಂಕೆ ಎರಡೂ ತಾನೇ ತಾಯಿಯೆಂದು ಜಗಳಾಡುತ್ತವೆ. ಸಿ.ಪಿ. ಟ್ಯಾಂಕಿನಲ್ಲಿ ಬಸ್ಸಿಳಿದು ನೋಡಿ, ಕಾವಸ್‌ಜಿ ಪಟೇಲರ ಕೆರೆಯಲ್ಲಿ ನೀರಿಲ್ಲ, ಕೆರೆಯೂ ಇಲ್ಲ.

ರಷ್ಯನ್ನರಿಗೆ ಮೊದಮೊದಲು ಟ್ಯಾಂಕಿನ ಮೇಲೆ ತಿರುಗುವ ಫಿರಂಗಿ ಗೋಪುರದ ಹುಚ್ಚು. 1930ರ ದಶಕದ ಟಿ-35ಕ್ಕೆ ಐದು ಗೋಪುರ, ಒಳಗೆ ಹತ್ತು ಹನ್ನೊಂದು ಜನ, ದೇವಸ್ಥಾನವೇ ಸೈ. 1941ರಲ್ಲಿ ಜರ್ಮನ್ನರು ನುಗ್ಗಿದಾಗ ಹೆಚ್ಚಿನವು ದಾರಿಯಲ್ಲೇ ಕೆಟ್ಟು ಕೂತವು. ಅದರ ನಂತರದ ಟ್ಯಾಂಕಿನ ಮಾದರಿ ತೋರಿಸಿದಾಗ ಸ್ಟಾಲಿನ್ ಒಂದು ಗೋಪುರವನ್ನು ಕೈಯಾರೆ ಕಿತ್ತು, ಇದೇನು ಟ್ಯಾಂಕೋ ಮಾಸ್ಕೋದ ದೊಡ್ಡ ಅಂಗಡಿಯೋ ಎಂದು ಕೇಳಿದನೆಂದು ಕಥೆ. ಕೊನೆಗೆ ಒಂದೇ ಗೋಪುರದ ಕೆವಿ ಬಂತು. ಕವಚ ದಪ್ಪ, ಆದರೆ ಗೇರ್ ಬೀಳಲು ಸುತ್ತಿಗೆಯ ಪೆಟ್ಟು ಬೇಕಾಗುತ್ತಿತ್ತಂತೆ. ನಮ್ಮ ಬಿಲ್ಡಿಂಗಿನ ಪಂಪಿಗೆ ಒದೆ ಸಾಕು.

ಐಎಸ್-2ರ ಜೋಡಣೆಯ ಕಾಗದ ಬಿಡಿಸಿದಾಗ ನನಗೆ ಕಂಡದ್ದು ಪರೇಲಿನ ಚಾಳಿನ ನಮ್ಮ ಹಳೆಯ ಖೋಲಿ. 46 ಟನ್ನಿನ ಗಾಡಿ, ಒಳಗೆ ನಾಲ್ವರು. 122 ಮಿಲಿಮೀಟರ್ ಫಿರಂಗಿಯ ಹಿಂಬದಿಯೇ ಅರ್ಧ ಜಾಗ ನುಂಗಿದೆ. ಗುಂಡೊಂದೇ 25 ಕಿಲೋ, ಮದ್ದಿನ ತೋಟಾ ಬೇರೆ. ಮೊದಲು ಅದನ್ನು ತುರುಕು, ಆಮೇಲೆ ಇದನ್ನು. ನಿಮಿಷಕ್ಕೆ ಎರಡು ಮೂರು ಸಲ ಹಾರಿಸಿದರೆ ಹೆಚ್ಚು. ಒಟ್ಟು 28 ಸುತ್ತಿಗಷ್ಟೇ ಸ್ಥಳ. ಊರಿನ ಕುಚ್ಚಲಕ್ಕಿ, ಹಪ್ಪಳದ ಡಬ್ಬಿ, ಹೆಚ್ಚುವರಿ ಚಾಪೆಗಳನ್ನೆಲ್ಲ ಅಮ್ಮ ಪೋಟಮಾಳೆ ಎಂಬ ಅಟ್ಟದ ಮೇಲೆ ಒತ್ತಿಡುತ್ತಿದ್ದಂತೆ, ಗುಂಡುಗಳನ್ನು ಗೋಪುರದ ಹಿಂಬದಿಗೆ ಪೇರಿಸಿದ್ದಾರೆ. ವಿನ್ಯಾಸಕಾರ ಕೋಟಿನ್‌ನ ತಂಡಕ್ಕೆ ಅಮ್ಮನನ್ನು ಸೇರಿಸಿದ್ದರೆ ಇನ್ನೂ ಹತ್ತು ಹಿಡಿಸುತ್ತಿದ್ದಳು.

ಪಾಪ ಅನಿಸುವುದು ಡ್ರೈವರನನ್ನು ನೋಡಿ. ಅವನ ತಲೆಯ ಮೇಲೆ ಬಾಗಿಲೇ ಇಲ್ಲ. ಖೋಲಿಯಲ್ಲಿ ಗೋಡೆ ಪಕ್ಕ ಮಲಗಿದವನು ರಾತ್ರಿ ಎದ್ದರೆ ಎಲ್ಲರನ್ನೂ ದಾಟಿ ಹೋಗಬೇಕಿತ್ತಲ್ಲ, ಹಾಗೆಯೇ ಇವನು ಗೋಪುರದೊಳಗೆ ಹತ್ತಿ ಬರಬೇಕು, ಇಲ್ಲವೇ ತಳದ ಕಿಂಡಿಯಿಂದ ನುಸುಳಬೇಕು.

ಇಷ್ಟನ್ನೂ ವಿವರಿಸಿ ತಿರುಗಿದರೆ ಹುಡುಗ ತಳದ ಕಿಂಡಿಯನ್ನು ಮುಚ್ಚಿ ಗೋಪುರಕ್ಕೆ ಅಂಟು ಹಚ್ಚುತ್ತಿದ್ದ. ಡ್ರೈವರನನ್ನು ಕೂರಿಸಿದೆಯಾ ಎಂದೆ.

"ಆಗಲೇ, ಮಾಮಾ. ಗಟ್ಟಿ ಕೂತಿದ್ದಾನೆ."